ನಾಲ್ಕು ಚುಕ್ಕಿಯ ಹೆಬ್ಬೆರಳು

ಹಮಾಸಾಕಿ
22 ಏಪ್ರಿಲ್ 2001

ಮಿನೊರಿ,

ಚೆರ್ರಿ ಹೂವು ಉದುರಿ ಮುಗಿಯಿತು. ಈಗ ಅಂಗಡಿಯ ಮುಂದಿನ ಚರಂಡಿಯಲ್ಲಿ ಕಂದುಬಣ್ಣಕ್ಕೆ ತಿರುಗಿ ಕೊಳೆಯುತ್ತಿದೆ. ಪತ್ರದ ಶುರುವಿಗೆ ಋತುವಿನ ಮಾತು ಇಷ್ಟು ಸಾಕಲ್ಲವೇನೇ? ಕಾಲೇಜಿನ ಮೇಡಂ ನೋಡಿದ್ದರೆ, "ಪತ್ರದ ಮೊದಲ ಸಾಲಲ್ಲಿ ಯಾರಾದ್ರೂ ಚರಂಡಿ ಬರೀತಾರೇನ್ರೀ" ಎಂದು ಕೆಂಪು ಗೆರೆ ಎಳೆಯುತ್ತಿದ್ದರು.

ಲಕೋಟೆಯಲ್ಲಿ ಫ್ಲಾಪಿ ಇದೆ. ಗಂಡನ ಮನೆಗೆ ಬಂದ ಮೇಲೆ ನಾನು ಮಾಡಿದ ಮೊದಲ ಕರ್ಸರ್. ಅಂಚೆಯಲ್ಲಿ ಕಳಿಸುತ್ತಿರುವುದಕ್ಕೆ ನಗಬೇಡ. ನಮ್ಮ ಯಜಮಾನ ಶೂಗೊನ ಹಳೆಯ ಕಂಪ್ಯೂಟರ್ ಇಲ್ಲಿ ಉಗ್ರಾಣದ ಮೂಲೆಯಲ್ಲಿದೆ, ಆದರೆ ಫೋನಿನ ತಂತಿಯನ್ನು ಅದಕ್ಕೆ ಸಿಕ್ಕಿಸುವಂತಿಲ್ಲ. ಅತ್ತೆ ಮೊದಲ ದಿನವೇ ಹೇಳಿಬಿಟ್ಟರು: "ನಮ್ದು ಊಟ ಕಟ್ಟಿ ಕಳ್ಸೋ ಅಂಗಡಿ, ಚಿಗುಸಾ-ಸಾನ್. ಮದ್ವೆ ಮನೆಯೋರು ತಿಂಗಳು ಮುಂಚೆ ಹೇಳ್ತಾರೆ. ಸಾಯೋರು ಹೇಳಿ ಸಾಯ್ತಾರಾ? ಲೈನು ಯಾವಾಗ್ಲೂ ಖಾಲಿ ಇರ್ಬೇಕು." ಹೀಗಾಗಿ ನಾವಿಬ್ಬರೂ ಕರ್ಸರುಗಳಿಗೆಂದೇ ಕಟ್ಟಿದ 'ಮೂವತ್ತೆರಡು ಚುಕ್ಕಿ' ತಾಣವನ್ನು ನಾನು ನೋಡದೆ ವರ್ಷವಾಗುತ್ತ ಬಂತು. ಅದೀಗ ನಿನ್ನ ಒಬ್ಬಳ ಕೈಯಲ್ಲಿದೆ.

ಕರ್ಸರ್ ಏನೆಂದರೆ, ನಮ್ಮ ಪುಟ್ಟ ಕೊಹರುವಿನ ಎಡಗೈ. ತಾಣಗಳಲ್ಲಿ ಒತ್ತುವ ಜಾಗ ಬಂದಾಗ ಬಾಣ ಹೋಗಿ ಬೆರಳು ತೋರಿಸುವ ಕೈ ಬರುತ್ತದಲ್ಲ, ಅದರ ಬದಲಿಗೆ ಇದು. ಎಂಟು ಚಿತ್ರ. ಹಾಲು ಕುಡಿಯುವಾಗ ಅವಳ ಕೈ ನನ್ನ ಎದೆಯ ಮೇಲೆ ತೆರೆದು ಮುಚ್ಚುತ್ತಿರುತ್ತದೆ. ಹೂವಿನ ಹಾಗೆ ಎಲ್ಲ ಬೆರಳೂ ಒಟ್ಟಿಗೆ ಅರಳುತ್ತವೆ ಎಂದುಕೊಂಡಿದ್ದೆ. ಸುಳ್ಳು ಕಣೇ. ಕಿರುಬೆರಳು ಮೊದಲು ಏಳುತ್ತದೆ, ಅದರ ಹಿಂದೆ ಒಂದೊಂದಾಗಿ ಉಳಿದವು, ಕೊನೆಗೆ ತೋರುಬೆರಳು ನೆಟ್ಟಗೆ ನಿಲ್ಲುತ್ತದೆ. ಕಂಡದ್ದನ್ನು ಕಂಡಂತೆ ಹಾಕಿದ್ದೇನೆ.

ಹೆಬ್ಬೆರಳು ಎಂಟು ಚಿತ್ರದಲ್ಲೂ ಅಂಗೈಯೊಳಗೇ ಇದೆ. ನಾನು ಮರೆತದ್ದಲ್ಲ. ಅವಳ ಬಲಗೈ ಪೂರ್ತಿ ಬಿಡಿಸಿಕೊಳ್ಳುತ್ತದೆ, ಎಡಗೈ ಹೆಬ್ಬೆರಳು ಒಮ್ಮೆಯೂ ಹೊರಗೆ ಬಂದಿಲ್ಲ. ಮೊನ್ನೆ ನಾಲ್ಕು ತಿಂಗಳ ತಪಾಸಣೆಯಲ್ಲಿ ಕೇಳಿದೆ. "ಈ ವಯಸ್ಸಲ್ಲಿ ಮುಷ್ಟಿ ಕಟ್ಟೋದು ಸಹಜ, ನೋಡ್ತಾ ಇರೋಣ" ಎಂದರು ಡಾಕ್ಟರು. ಮುಂದಿನ ತಪಾಸಣೆ ಹತ್ತು ತಿಂಗಳಿಗೆ. ಅತ್ತೆಯಂತೂ, "ಭಾಗ್ಯ ಹಿಡ್ಕೊಂಡು ಹುಟ್ಟಿದೆ ಕೂಸು. ಬಿಡಿಸ್ಬೇಡ, ಹಾರ್ಹೋಗತ್ತೆ" ಎಂದು ನಗುತ್ತಾರೆ. ಸೀನಿದ್ದಕ್ಕೆ ಮಗುವನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದವಳು ನಾನು. ಇನ್ನು ನನ್ನ ಮಾತು ಈ ಊರಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ತಾಣದ ಹರಟೆ ಹಲಗೆಗೆ ಎಷ್ಟೋ ತಾಯಂದಿರು ಬರುತ್ತಾರಲ್ಲ. ಅವರನ್ನು ಒಂದು ಮಾತು ಕೇಳುತ್ತೀಯಾ? ನನ್ನ ಹೆಸರಲ್ಲೇ ಕೇಳು.

ಇನ್ನೊಂದು. ನಾನು ಎಡಚಿ, ಆದ್ದರಿಂದ ಕೈ ಬಲಮೇಲಕ್ಕೆ ವಾಲಿದೆ. ಒತ್ತುವ ಚುಕ್ಕಿಯನ್ನು, ಅಂದರೆ ಒತ್ತಿದ್ದು ತಾಗುವ ಆ ಒಂದೇ ಚುಕ್ಕಿಯನ್ನು, ತೋರುಬೆರಳಿನ ತುದಿಗೇ ಇಟ್ಟಿದ್ದೇನೆ. ಅದನ್ನು ಮುಟ್ಟಬೇಡ ಮಾರಾಯ್ತಿ. ಮೀನಿನ ಕರ್ಸರಿನಲ್ಲಿ ನೀನು ಚುಕ್ಕಿಯನ್ನು ಬಾಲಕ್ಕೆ ಕೂರಿಸಿದ್ದು ನೆನಪಿದೆಯಲ್ಲ? ಬಣ್ಣ ನಿನ್ನದು, ಚುಕ್ಕಿ ನನ್ನದು.

ನಿನ್ನ
ಚೀ

•

ನಾಗೊಯಾ
9 ಮೇ 2001

ಚೀ, ಚೀ, ಚೀ!

ಋತುವಿನ ಮಾತು: ಈ ವಾರ ಮೂಲಂಗಿ ಅಗ್ಗ. ಈ ಮುದ್ರಣಾಲಯಕ್ಕೆ ಸೇರಿದಾಗಿನಿಂದ ನನಗೆ ಋತು ತಿಳಿಯುವುದು ಸೂಪರ್‌ಮಾರ್ಕೆಟ್ಟಿನ ಕರಪತ್ರದಿಂದಲೇ. ಇವತ್ತು ಬಂಗುಡೆ ಮೀನಿನ ಕಣ್ಣಿಗೆ ಹೊಳಪು ಹಚ್ಚುತ್ತ ಕೂತಿದ್ದೆ. ನಮ್ಮ ಸಾಹೇಬರು ಹಿಂದಿನಿಂದ ಬಂದು, "ಮೊರಿಶಿತಾ-ಸಾನ್, ಮೀನು ಸತ್ತಿರ್ಬೇಕು, ಇದು ನನ್ನೇ ನೋಡ್ತಿದೆ" ಎಂದರು.

ಕೈ ಬಂತು. ಕಚೇರಿಯ ಕಂಪ್ಯೂಟರಿನಲ್ಲೇ ಹಾಕಿ ನೋಡಿದೆ. ಎಲ್ಲಿಗೆ ಸರಿಸಿದರೂ ಆ ಪುಟ್ಟ ಕೈ ತೆರೆಯುತ್ತ ಮುಚ್ಚುತ್ತ ನನ್ನ ಹಿಂದೆಯೇ ಬರುತ್ತಿತ್ತು. ನಾನು ಕೆಲಸ ಬಿಟ್ಟು ಸುಮ್ಮನೆ ಅದನ್ನು ಓಡಾಡಿಸಿದೆ ಕಣೇ. ಅವತ್ತೇ ತಾಣಕ್ಕೆ ಏರಿಸಿದೆ. ಜನ ಹುಚ್ಚಾಗಿದ್ದಾರೆ! ಯಾರೋ ಒಬ್ಬರು ನೋಡಿ ಅತ್ತೇಬಿಟ್ಟರಂತೆ. ಒಂದು ಕಂಪ್ಯೂಟರ್ ಪತ್ರಿಕೆಯವರು ತಮ್ಮ ಸಿ.ಡಿ.ಯಲ್ಲಿ ಸೇರಿಸಿಕೊಳ್ಳಲೇ ಎಂದು ಕೇಳಿದ್ದಾರೆ. ಸೇರಿಸಿಕೊಳ್ಳಿ ಎಂದೆ, ಆಗಬಹುದಲ್ಲ?

ನೀನು ಇನ್ನೂ ಬರೆಯಬೇಕು. ಕೊಹರು ಏನು ಮಾಡುತ್ತಾಳೆ, ಹೇಗೆ ಅಳುತ್ತಾಳೆ, ನಿನ್ನ ಅತ್ತೆ ಏನನ್ನುತ್ತಾರೆ, ಎಲ್ಲ. ಚಿಕ್ಕದು ಎಂದು ಬಿಡಬೇಡ. ನಿನ್ನ ಪತ್ರವನ್ನು ರೈಲಿನಲ್ಲಿ ಎರಡೆರಡು ಸಲ ಓದುತ್ತೇನೆ. ಇಲ್ಲಿ ನನ್ನ ಜೊತೆ ಮಾತಾಡುವುದು ಬಂಗುಡೆ ಮಾತ್ರ.

ಹೆಬ್ಬೆರಳಿನ ವಿಷಯ ಕೇಳುತ್ತೇನೆ.

ಮಿನೊರಿ

•

ಹಮಾಸಾಕಿ
3 ಜೂನ್ 2001

ಮಿನೊರಿ,

ಕಪ್ಪೆಗಳು ಶುರುವಾಗಿವೆ. ಅವಕ್ಕೂ ನಿದ್ದೆಯಿಲ್ಲ, ನನಗೂ ಇಲ್ಲ, ಕೊಹರುವಿಗಂತೂ ಮೊದಲೇ ಇಲ್ಲ. ನಿದ್ದೆ ಬಂದರೆ ಅವಳು ಕಿವಿಯನ್ನು ಎಳೆದುಕೊಂಡು ಅಳುತ್ತಾಳೆ, ನಿದ್ದೆಯ ಮೇಲೆ ಸಿಟ್ಟು ಬಂದವಳ ಹಾಗೆ. ಮಲಗಿಸಿದರೆ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ, ಅದಕ್ಕೇ ಎಚ್ಚರಾಗುತ್ತಾಳೆ. ಶೂಗೊ, "ನೀನು ಮಗು ಕಾಯ್ತಿದೀಯೋ, ಮಗು ನಿನ್ನ ಕಾಯ್ತಿದೆಯೋ" ಎನ್ನುತ್ತಾನೆ.

ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಏನೋ ಕಾಣುತ್ತಿದೆ. ಅತ್ತೆ ತಮ್ಮ ಅಡುಗೆಯ ಉದ್ದ ಕಡ್ಡಿಯಿಂದ ಟಕ್ ಎಂದು ತಟ್ಟಿ, "ಹಲ್ಲೇ. ಇನ್ಮೇಲೆ ನಿಂಗೆ ಹಬ್ಬ" ಎಂದರು. ನಾನೂರು ಜನಕ್ಕೆ ಊಟ ಕಟ್ಟುವ ಕಡ್ಡಿ ಅದು. ನಾನು ಕುದಿನೀರಿಗೆ ಹಾಕಿದ್ದನ್ನು ನೋಡಿ ಎರಡು ದಿನ ಮಾತು ಬಿಟ್ಟಿದ್ದರು.

ಇದನ್ನೆಲ್ಲ ಬರೆಯಲು ಹೇಳಿದ್ದು ನೀನೇ, ಬೇಸರವಾದರೆ ನನ್ನನ್ನು ಬೈಯಬೇಡ. ಬರೆದ ಮೇಲೆ ನನಗೂ ಹಗುರಾಗುತ್ತದೆ.

ಹೆಬ್ಬೆರಳು ಹಾಗೇ ಇದೆ. ಆಟಿಕೆಯನ್ನು ನಾಲ್ಕೇ ಬೆರಳಿನಿಂದ ಗೀರಿ ಎಳೆಯುತ್ತಾಳೆ. ಆರು ತಿಂಗಳಾಯಿತು. ಸ್ನಾನ ಮಾಡಿಸುವಾಗ ನಾನು ಮೆಲ್ಲನೆ ಬಿಡಿಸಿದರೆ ಬರುತ್ತದೆ, ಬಿಟ್ಟರೆ ಮತ್ತೆ ಒಳಕ್ಕೆ. ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ದೋಣಿ ಹತ್ತಬೇಕು, ಮೊನ್ನೆ ಆ ಮಾತೆತ್ತಿದ್ದಕ್ಕೆ, "ಸೀನಿಗೆ ಊರಿನ ಡಾಕ್ಟ್ರು, ಬೆರಳಿಗೆ ದೋಣಿ. ಇನ್ನು ಆಕಳಿಸಿದ್ರೆ ಟೋಕಿಯೋಗೇ ಹೋಗ್ತೀಯೇನು" ಎಂದರು ಅತ್ತೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕೇಳಿದೆಯಾ? ಯಾರು ಏನಂದರು? ಒಬ್ಬರಾದರೂ 'ತೋರಿಸು' ಎಂದರೆ ಸಾಕು, ಆ ಮಾತನ್ನು ಹಿಡಿದು ನಾನು ದೋಣಿ ಹತ್ತುತ್ತೇನೆ. ಬೇಗ ಬರೆ.

ಚೀ

•

ನಾಗೊಯಾ
27 ಜೂನ್ 2001

ಚೀ,

ತಡವಾಯಿತು, ಬೈಯಬೇಡ. ಬೇಸಿಗೆ ಉಡುಗೊರೆಗಳ ಕರಪತ್ರದಲ್ಲಿ ಮುಳುಗಿಹೋಗಿದ್ದೆ.

ಕೇಳಿದೆ. ಏನೂ ಇಲ್ಲವಂತೆ. ಎಷ್ಟೋ ಮಕ್ಕಳು ಹಾಗೇ ಇರುತ್ತವಂತೆ, ವರ್ಷ ತುಂಬುವುದರೊಳಗೆ ತಾನಾಗಿಯೇ ಬಿಡಿಸಿಕೊಳ್ಳುತ್ತದಂತೆ. ನೀನು ಸುಮ್ಮನೆ ಜೀವ ತಿಂದುಕೊಳ್ಳಬೇಡ, ಸ್ವಲ್ಪ ಮಲಗು.

ಹಲ್ಲು ಯಾವ ಕಡೆ ಬಂತು, ಎಡಕ್ಕೋ ಬಲಕ್ಕೋ? ಅನ್ನದ ಗಂಜಿ ಶುರು ಮಾಡಿದೆಯಾ? ಮೊದಲ ತುತ್ತಿಗೆ ಮುಖ ಹೇಗೆ ಮಾಡಿದಳು? ಅತ್ತೆ ಮತ್ತೇನಂದರು? ಮುಂದಿನ ಕರ್ಸರಿಗೆ ಬೇಕಾಗುತ್ತದೆ ಎಂದು ಕೇಳುತ್ತಿದ್ದೇನೆ.

ಮಿನೊರಿ

•

ಹಮಾಸಾಕಿ
5 ಆಗಸ್ಟ್ 2001

ನನ್ನ ಮುದ್ದು ಮಿನೊರಿ,

ಸೆಕೆ. ಅಡುಗೆಮನೆಯಲ್ಲಿ ಅನ್ನ ಬಿಸಿಯೋ ಗಾಳಿ ಬಿಸಿಯೋ ತಿಳಿಯುತ್ತಿಲ್ಲ.

ನಿನ್ನ ಪತ್ರ ಬಂದ ದಿನ ನಾನು ಮಧ್ಯಾಹ್ನ ಕೂತಲ್ಲೇ ಮಲಗಿಬಿಟ್ಟೆ. ಕೊಹರು ಹುಟ್ಟಿದ ಮೇಲೆ ಮೊದಲ ಸಲ. ಎದ್ದಾಗ ಚಾಪೆಯ ಗೆರೆ ಕೆನ್ನೆಯ ಮೇಲೆ ಅಚ್ಚಾಗಿತ್ತು. "ತಾಣದ ತಾಯಂದಿರು ಏನೂ ಇಲ್ಲ ಅಂದ್ರಂತೆ" ಎಂದು ಅತ್ತೆಗೆ ಹೇಳಿದೆ. "ನಾನು ಹೇಳಿದ್ರೆ ನಂಬ್ಲಿಲ್ಲ, ತಂತಿಯೊಳಗಿನ ಹೆಂಗಸರು ಹೇಳಿದ್ರೆ ನಂಬಿದ್ಲು" ಎಂದು ಶೂಗೊನ ಕಡೆ ತಿರುಗಿದರು. ಆದರೂ ಖುಷಿಯಾಗಿಯೇ ಇದ್ದರು, ನನಗೆ ಒಂದು ಹಾವುಮೀನು ಜಾಸ್ತಿ ಬಡಿಸಿದರು. ದೋಣಿಯ ಮಾತು ಈಗ ಯಾರೂ ಎತ್ತುವುದಿಲ್ಲ, ನಾನೂ.

ಫ್ಲಾಪಿಯಲ್ಲಿ ಕೊಹರು ತೆವಳುತ್ತಿದ್ದಾಳೆ. ಕಂಪ್ಯೂಟರ್ 'ಕಾಯಿರಿ' ಎಂದಾಗ ಬರುವ ಮರಳುಗಡಿಯಾರದ ಬದಲಿಗೆ ಹಾಕುವುದು. ಹನ್ನೆರಡು ಚಿತ್ರ. ಎಡಗೈ ಮುಷ್ಟಿಯನ್ನು ಊರಿಕೊಂಡು ತೆವಳುತ್ತಾಳೆ, ಅಂಗೈ ಊರುವುದಿಲ್ಲ. ಹಾಗೇ ಹಾಕಿದ್ದೇನೆ.

ಹಲ್ಲು ಕೆಳಗಿನ ಸಾಲಿನ ಎಡಕ್ಕೆ. ಗಂಜಿಯನ್ನು ನಾಲಗೆಯಿಂದ ಹೊರಗೆ ತಳ್ಳಿ, ಯಾರೋ ಮೋಸ ಮಾಡಿದರು ಎಂಬಂತೆ ನನ್ನನ್ನು ನೋಡಿದಳು. ನೀನು ಇಷ್ಟೆಲ್ಲ ಯಾಕೆ ಕೇಳುತ್ತಿದ್ದೀಯ ಎಂದು ನನಗೆ ಗೊತ್ತಾಯಿತು ಬಿಡು. ಯಾರವನು? ಮದುವೆ ಯಾವಾಗ? ತಾಯಿಯಾಗುವ ಆಸೆ ಪತ್ರದ ಸಾಲುಸಾಲಿನಲ್ಲೂ ಇಣುಕುತ್ತಿದೆ. ಪಿತೃಗಳ ಹಬ್ಬದ ರಜೆಗೆ ಇಲ್ಲಿಗೇ ಬಾ, ಮಗುವನ್ನು ನಿನ್ನ ಮಡಿಲಲ್ಲಿ ಹಾಕುತ್ತೇನೆ, ಆಮೇಲೆ ಆಸೆ ಉಳಿದರೆ ನೋಡೋಣ.

ಒಂದು ಸುದ್ದಿ. ಫೋನಿನ ಮಾತಿಗೆ ಅಡ್ಡಿಯಾಗದ ಹೊಸ ಬಗೆಯ ಇಂಟರ್ನೆಟ್ ಲೈನು ವರ್ಷದ ಕೊನೆಗೆ ನಮ್ಮೂರಿಗೂ ಬರುತ್ತದಂತೆ. ಶೂಗೊ ಹೆಸರು ಕೊಟ್ಟು ಬಂದಿದ್ದಾನೆ. ಆಮೇಲೆ ನಾವಿಬ್ಬರೂ ಮೊದಲಿನ ಹಾಗೆ!

ನಿನ್ನ
ಚೀ

•

ನಾಗೊಯಾ
10 ಸೆಪ್ಟೆಂಬರ್ 2001

ಚೀ,

ರಜೆಗೆ ಬರಲಾಗಲಿಲ್ಲ, ಕೆಲಸ.

ಲೈನು ಹಾಕಿಸುವುದಕ್ಕೆ ಏನು ಅವಸರ? ಇಲ್ಲಿ ನೋಡುವಂಥದ್ದು ಏನೂ ಉಳಿದಿಲ್ಲ. ತಾಣ ಮೊದಲಿನ ಹಾಗಿಲ್ಲ, ಬರೀ ಜಗಳ, ಕಳ್ಳರು. ನಮ್ಮ ಬೆಕ್ಕಿನ ಕರ್ಸರನ್ನು ಒಬ್ಬ ತನ್ನದೆಂದು ಹಾಕಿಕೊಂಡಿದ್ದು ನೆನಪಿದೆಯಲ್ಲ, ಈಗ ಅಂಥವರೇ ಎಲ್ಲ. ಮಗುವಿನ ಮನೆಯೊಳಗೆ ಅದನ್ನು ಬಿಟ್ಟುಕೊಳ್ಳಬೇಡ. ಪತ್ರವೇ ಚೆನ್ನ. ನಿನ್ನ ಅಕ್ಷರ ನೋಡುವುದು ನನಗಿಷ್ಟ.

ತೆವಳುವುದು ಬಂತು. ಮುದ್ದಾಗಿದೆ.

ಮದುವೆಯೂ ಇಲ್ಲ, ಯಾರೂ ಇಲ್ಲ.

ಮಿನೊರಿ

•

ಹಮಾಸಾಕಿ
24 ಅಕ್ಟೋಬರ್ 2001

ಮೊರಿಶಿತಾ ಮಿನೊರಿ ಅವರಿಗೆ,

ಋತುವಿನ ಮಾತು ಬೇಡ.

ಕಳೆದ ಗುರುವಾರ ಊರಿನ ಆರೋಗ್ಯ ಕೇಂದ್ರದಲ್ಲಿ ಹತ್ತು ತಿಂಗಳ ತಪಾಸಣೆ ಇತ್ತು. ಬೇಸಿಗೆಯಲ್ಲಿ ಹೊಸದಾಗಿ ಬಂದ ನಿಶಿವಾಕಿ-ಸಾನ್ ಎಂಬ ನರ್ಸ್ ಇದ್ದಾರೆ, ನನ್ನ ಹೆದರಿಕೆಗಳನ್ನೆಲ್ಲ ನಗದೆ ಬರೆದುಕೊಳ್ಳುವ ಒಬ್ಬರೇ ಒಬ್ಬರು. ಅವರ ಮೇಜಿನ ಎದುರು ಕೊಹರುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅವರ ಕಂಪ್ಯೂಟರಿನ ಪರದೆಯಲ್ಲಿ ಒಂದು ಪುಟ್ಟ ಕೈ ಓಡಾಡುತ್ತಿತ್ತು. ಕಿರುಬೆರಳು ಮೊದಲು ಎದ್ದಿತು.

ನನಗೆ ಮೊದಲು ಆದದ್ದು ಸಂತೋಷ. ಇದನ್ನು ನೀವು ತಿಳಿದಿರಬೇಕು. ನಾಗೊಯಾಕ್ಕೆ ಹೋದ ನನ್ನ ಮಗಳ ಕೈ ಊರೆಲ್ಲ ಸುತ್ತಿ ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿದೆ ಎಂದು ಮೈ ಜುಮ್ಮೆಂದಿತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನಿಶಿವಾಕಿ-ಸಾನ್, "ಮುದ್ದಾಗಿದೆ ಅಲ್ವಾ? ಆಗಸ್ಟ್ ಪತ್ರಿಕೆ ಸಿ.ಡಿ.ಲಿ ಬಂದಿದ್ದು. ಆದ್ರೆ ಇದಕ್ಕೊಂದು ಹುಚ್ಚು ನೋಡಿ, ಬೆರಳು ತೋರಿಸೋದು ಒಂದು ಕಡೆ, ಒತ್ತೋದು ಇನ್ನೊಂದು ಕಡೆ. ಸ್ವಲ್ಪ ಪಕ್ಕಕ್ಕೆ ಸರಿಸಿ ಒತ್ಬೇಕು. ನಮಗೆಲ್ಲ ರೂಢಿ ಆಗ್ಬಿಟ್ಟಿದೆ" ಎಂದರು.

ಆಗ ಸರಿಯಾಗಿ ನೋಡಿದೆ. ಕೈ ಎಡಮೇಲಕ್ಕೆ ವಾಲಿತ್ತು. ಎಡಚಿಯ ಗುರುತು ಕಾಣದಂತೆ ನೀವು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದೀರಿ, ಒತ್ತುವ ಚುಕ್ಕಿಯನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದೀರಿ. ಬಣ್ಣ ನಿಮ್ಮದು, ಚುಕ್ಕಿ ನನ್ನದು. ನಾನಿಲ್ಲದೆ ನಿಮಗೆ ಅದು ಹೊಳೆಯಲೇ ಇಲ್ಲ. ದೇಶದಲ್ಲಿ ಎಷ್ಟು ಜನ ಆ ಕೈಯನ್ನು ಪಕ್ಕಕ್ಕೆ ಸರಿಸಿ ಸರಿಸಿ ಒತ್ತುತ್ತಿದ್ದಾರೋ.

"ಇದನ್ನ ಮಾಡಿದ ತಾಯಿ ಥೇಟ್ ನಿಮ್ಮ ಹಾಗೇ. ಮಗು ಮಲಗಲ್ಲ, ಅವಳೂ ಮಲಗಲ್ಲ. ನೀವು ಓದ್ಬೇಕು, ಧೈರ್ಯ ಬರತ್ತೆ" ಎಂದು ನಿಶಿವಾಕಿ-ಸಾನ್ ಹಾಳೆಗಳ ಒಂದು ಕಟ್ಟನ್ನು ನನ್ನ ಕೈಗಿಟ್ಟರು. ಇಂಟರ್ನೆಟ್ ಇಲ್ಲದ ತಾಯಂದಿರಿಗಾಗಿ ಅವರೇ ಮುದ್ರಿಸಿ ಪಿನ್ನು ಹಾಕಿ ಇಟ್ಟಿದ್ದಾರೆ. ನನ್ನ ಧೈರ್ಯಕ್ಕೆಂದು ನನಗೆ ನನ್ನ ಪತ್ರಗಳನ್ನೇ ಓದಲು ಕೊಟ್ಟರು.

ತಲೆಬರಹ, 'ಹರು-ಚಾನ್ ಅಮ್ಮನ ದಿನಚರಿ'. ನನ್ನ ಕೊಹರು ಅಲ್ಲಿ ನಿಮ್ಮ ಹರು-ಚಾನ್ ಆಗಿದ್ದಾಳೆ. ಮಗಳು ನಿದ್ದೆಯ ಮೇಲೆ ಸಿಟ್ಟು ಬಂದವಳ ಹಾಗೆ ಕಿವಿ ಎಳೆದುಕೊಳ್ಳುತ್ತಾಳೆ. ಮುಷ್ಟಿಯಲ್ಲಿ ಭಾಗ್ಯ ಹಿಡಿದು ಹುಟ್ಟಿದ್ದಾಳೆ ಎನ್ನುತ್ತಾರೆ ನಮ್ಮ ಅತ್ತೆ. ನಮ್ಮ ಅತ್ತೆ! ನಿಮಗೆ ಗಂಡನೇ ಇಲ್ಲವಲ್ಲ ಮೊರಿಶಿತಾ ಅವರೇ, ಅತ್ತೆಯನ್ನು ಎಲ್ಲಿಂದ ತಂದಿರಿ? ಉಗ್ರಾಣದ ಮೂಲೆಯಲ್ಲಿ, ಅಕ್ಕಿಮೂಟೆಯ ಮೇಲೆ ಹಾಳೆಯಿಟ್ಟು ನಾನು ನಿಮಗೊಬ್ಬರಿಗೇ ಬರೆದದ್ದು ಅದು. ಶೂಗೊನಿಗೂ ಹೇಳದ್ದು. ಅದನ್ನು ಓದಿ ಸಾವಿರ ಜನ ನಿಮಗೆ ಸಮಾಧಾನ ಹೇಳಿದ್ದಾರೆ. ಒಬ್ಬರು ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದಾರಂತೆ. ಬೆಚ್ಚಗಿದೆ ಎಂದು ಧನ್ಯವಾದ ಹೇಳಿದ್ದೀರಿ. ಯಾರ ಕಾಲಿಗೆ ಹಾಕಿದಿರಿ?

ಪ್ರತಿ ಹಾಳೆಯ ತಲೆಯ ಮೇಲೂ ನಮ್ಮ ತಾಣದ ನಿಯಮ ಅಚ್ಚಾಗಿತ್ತು. 'ಯಾರು ಬೇಕಾದರೂ ಒಯ್ಯಿರಿ. ನಿಮ್ಮದೆಂದು ಮಾತ್ರ ಹೇಳಬೇಡಿ.' ಬೆಕ್ಕನ್ನು ಕದ್ದವನ ಮೇಲೆ ಉರಿದುಬಿದ್ದು ನೀವೇ ಬರೆದ ಸಾಲು.

ಇಲ್ಲಿಯವರೆಗಿನದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಕೊನೆಯ ಹಾಳೆಯಲ್ಲಿ ಹರಟೆ ಹಲಗೆಯ ಮಾತುಗಳಿದ್ದವು. ಜೂನ್ ಹನ್ನೊಂದನೆಯ ತಾರೀಖು ನೀಗಾತಾದ ಒಬ್ಬ ಅಜ್ಜಿ, ಹಿಂದೆ ಸೂಲಗಿತ್ತಿಯಾಗಿದ್ದವರು, ಹೀಗೆ ಬರೆದಿದ್ದಾರೆ: 'ನೀವು ಕಂಡದ್ದನ್ನು ಕಂಡಂತೆ ಬಿಡಿಸುವವರು ಅನ್ನಿಸಿತು, ಅದಕ್ಕೇ ಕೇಳುತ್ತಿದ್ದೇನೆ. ಹೆಬ್ಬೆರಳು ನಿಜವಾಗಿಯೂ ಹಾಗೇ ಒಳಗಿರುತ್ತದೆಯೇ? ಮಗುವಿಗೆ ಆರು ತಿಂಗಳಾಗಿದ್ದರೆ ಕೈಯ ಮೂಳೆ ನೋಡುವ ಡಾಕ್ಟರಿಗೆ ಬೇಗ ತೋರಿಸಿ. ಈಗಾದರೆ ಪಟ್ಟಿ ಕಟ್ಟಿಯೇ ಸರಿಮಾಡಬಹುದು.'

ಎರಡು ದಿನದ ಮೇಲೆ ನಿಮ್ಮ ಉತ್ತರ: 'ತೋರಿಸಿದೆ, ಏನೂ ಇಲ್ಲವಂತೆ! ನನ್ನ ಚಿತ್ರವೇ ತಪ್ಪು. ತಿದ್ದಿದ್ದೇನೆ.'

ನಾನು ತಲೆಯೆತ್ತಿ ಪರದೆ ನೋಡಿದೆ. ಎಂಟನೆಯ ಚಿತ್ರದಲ್ಲಿ ಹೆಬ್ಬೆರಳು ಹೊರಗೆ ನಿಂತಿತ್ತು. ನಾಲ್ಕು ಚುಕ್ಕಿ. ಚರ್ಮದ ಬಣ್ಣದ ಮೂರು, ಉಗುರಿಗೆ ತಿಳಿಗೆಂಪು ಒಂದು. ಬಣ್ಣ ಚೆನ್ನಾಗಿ ಹೊಂದಿದೆ, ಅದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ.

"ಯಾಕೆ ಅಳ್ತಿದೀರಾ? ಅದ್ರಲ್ಲಿ ಅಳೋ ಅಂಥದ್ದೇನಿದೆ?" ಎಂದರು ನಿಶಿವಾಕಿ-ಸಾನ್. ನಾನು ಕೊಹರುವಿನ ಎಡಗೈಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಬಿಡಿಸಿ ನೋಡಿದರು, ಬಿಟ್ಟು ನೋಡಿದರು, ಮತ್ತೆ ಬಿಡಿಸಿದರು. ಆಮೇಲೆ ಮೆಲ್ಲಗೆ, "ಇದನ್ನ ಇಷ್ಟು ದಿನ ಯಾಕೆ ತೋರಿಸ್ಲಿಲ್ಲ, ಚಿಗುಸಾ-ಸಾನ್?" ಎಂದರು.

ನಾನು ಏನು ಹೇಳಬೇಕಿತ್ತು? ನೀವೇ ಹೇಳಿ. ಅದಕ್ಕೆ ಉತ್ತರ ಬರೆಯಿರಿ.

ತೊಕುನಾಗಾ ಚಿಗುಸಾ

•

ನಾಗೊಯಾ
1 ನವೆಂಬರ್ 2001

ಚೀ,

'ಅವರೇ' ಎಂದು ಬರೆದಿದ್ದೀಯ. ಅದನ್ನೊಂದನ್ನು ಓದಲಾಗಲಿಲ್ಲ.

ಕದಿಯಬೇಕೆಂದು ಕೂತು ಮಾಡಿದ್ದಲ್ಲ. ಕೈಯನ್ನು ಏರಿಸಿದ ದಿನ ಯಾರೋ, 'ನಿಮ್ಮ ಮಗಳ ಕೈಯೇ?' ಎಂದು ಕೇಳಿದ್ದರು. ಊಟದ ಹೊತ್ತಿನಲ್ಲಿ ನೋಡಿದೆ. ಗೆಳತಿಯ ಮಗಳದು ಎಂದು ಬರೆಯಬೇಕೆನ್ನುವಷ್ಟರಲ್ಲಿ ಸಾಹೇಬರು ಕರೆದರು. ಸಂಜೆ ಬಂದು ನೋಡುತ್ತೇನೆ, ಎಷ್ಟೊಂದು ಜನ ಅಭಿನಂದನೆ ಹೇಳಿದ್ದಾರೆ! ನನಗೆ ಹಾಗೆ ಯಾರೂ ಯಾವುದಕ್ಕೂ ಹೇಳಿರಲಿಲ್ಲ ಚೀ. ಮೂಲಂಗಿಗೆ ಯಾರು ಅಭಿನಂದನೆ ಹೇಳುತ್ತಾರೆ? ನಾಳೆ ತಿದ್ದೋಣ ಎಂದುಕೊಂಡೆ. ಮರುದಿನ, ಯಾವಾಗ ಹೀಗೆ ಕೈ ಬಿಡಿಸುತ್ತಾಳೆ ಎಂದು ಕೇಳಿದ್ದರು. ನಿನ್ನ ಪತ್ರ ಚೀಲದಲ್ಲೇ ಇತ್ತು.

ಕಾಲುಚೀಲ ನನ್ನ ಮೇಜಿನ ಮೇಲಿದೆ. ಯಾರ ಕಾಲಿಗೂ ಹಾಕಿಲ್ಲ.

ಆ ಅಜ್ಜಿಯ ಮಾತನ್ನು ನಿನಗೆ ಬರೆಯಲು ಕೂತಿದ್ದೆ, ನಿಜವಾಗಿ. ಬರೆದರೆ ಯಾರವರು, ಏನು ಬರೆದಿದ್ದಾರೆ, ನನ್ನ ಪ್ರಶ್ನೆಯನ್ನು ಯಾರ ಹೆಸರಲ್ಲಿ ಕೇಳಿದೆ ಎಂದು ನೀನು ಒಂದೊಂದಾಗಿ ಹಿಡಿದೆಳೆಯುತ್ತೀ. ಎಲ್ಲ ಬಿಚ್ಚಿಹೋಗುತ್ತದೆ. ಹೆದರಿದೆ. ಮತ್ತೆ ನೀನೂ ಯೋಚಿಸು, ನೀನು ಸೀನಿಗೂ ಓಡುವವಳು. ಡಾಕ್ಟರೇ ಸಹಜ ಎಂದಿದ್ದರು. ಇದೂ ಅಂಥದ್ದೇ ಒಂದು ಎಂದುಕೊಂಡೆ. ನಿನ್ನ ನೂರು ಹೆದರಿಕೆಗಳಲ್ಲಿ ಯಾವುದು ನಿಜವಾದದ್ದು ಎಂದು ನನಗೆ ಹೇಗೆ ತಿಳಿಯಬೇಕಿತ್ತು?

ಹುಚ್ಚು ಎನ್ನಬೇಡ. ತಿದ್ದಿದ ಮೇಲೆ ಆ ಹೆಬ್ಬೆರಳು ದಿನವಿಡೀ ನನ್ನ ಕಣ್ಣೆದುರು ಹೊರಗೆ ಬರುತ್ತಿತ್ತು. ಅಲ್ಲಿ ನಿನ್ನ ಮನೆಯಲ್ಲೂ ಬಂದಿರುತ್ತದೆ ಎಂದೇ ನಾನು ನಂಬಿಬಿಟ್ಟೆ. ಆಗಸ್ಟಿನಲ್ಲಿ ಮುಷ್ಟಿ ಊರಿ ತೆವಳುತ್ತಾಳೆ ಎಂದು ನೀನು ಬರೆದಾಗ ಆ ಸಾಲನ್ನು ದಾಟಿಕೊಂಡು ಓದಿದೆ.

ನಾಳೆಯೇ ಎಲ್ಲವನ್ನೂ ಅಳಿಸುತ್ತೇನೆ. ದಿನಚರಿ, ಹಲಗೆ, ತಾಣ, ಎಲ್ಲ. ಒಂದು ಚುಕ್ಕಿಯೂ ಉಳಿಯುವುದಿಲ್ಲ. ಯಾರಿಗೂ ಏನೂ ಹೇಳಬೇಡ ಚೀ, ಬೇಡಿಕೊಳ್ಳುತ್ತೇನೆ. ಕೊಹರುವಿನ ಕೈ ಹೇಗಿದೆ? ಅಷ್ಟನ್ನಾದರೂ ಬರೆ.

ಮಿನೊರಿ

•

ಹಮಾಸಾಕಿ
29 ನವೆಂಬರ್ 2001

ಮೊರಿಶಿತಾ ಮಿನೊರಿ ಅವರಿಗೆ,

ನಾನು ತಂತಿ ಕಳಿಸಿದ್ದು ತಲುಪಿತೆಂದು ಕಾಣುತ್ತದೆ. 'ಅಳಿಸಬೇಡಿ' ಎಂಬ ಒಂದೇ ಮಾತನ್ನು ತಂತಿಯಲ್ಲಿ ಕಳಿಸಲು ಬಂದದ್ದನ್ನು ನೋಡಿ ಅಂಚೆಯವರು, "ಈಗಿನ ಕಾಲ್ದಲ್ಲಿ ತಂತಿ ಕೊಡೋದು ಸತ್ತಾಗ, ಮದ್ವೆಯಾದಾಗ. ಇದು ಯಾವ್ದಮ್ಮ?" ಎಂದು ಕೇಳಿದರು. ಎರಡೂ ಅಲ್ಲ ಎಂದೆ. ತಾಣ ಇನ್ನೂ ಇದೆ ಎಂದು ನಿಶಿವಾಕಿ-ಸಾನ್ ಹೇಳಿದರು. ದಿನಚರಿ ಮಾತ್ರ ನಿಂತಿದೆಯಂತೆ. ಹರು-ಚಾನ್‌ಗೆ ಹುಷಾರಿಲ್ಲವೇ ಎಂದು ಜನ ಕೇಳುತ್ತಿದ್ದಾರಂತೆ.

ಕೈಯ ವಿಷಯ ಕೇಳಿದ್ದೀರಿ. ದೋಣಿ ಹತ್ತಿ ಹೋಗಿದ್ದೆವು, ಅತ್ತೆಯೂ ಬಂದಿದ್ದರು. ಹೆಬ್ಬೆರಳನ್ನು ಹೊರಗೆಳೆಯುವ ಸ್ನಾಯು ಸೊರಗಿದೆಯಂತೆ. ಆರೇಳು ತಿಂಗಳಲ್ಲೇ ಬಂದಿದ್ದರೆ ಪಟ್ಟಿ ಕಟ್ಟಿಯೇ ಸರಿಹೋಗುವ ಭರವಸೆ ಹೆಚ್ಚಿತ್ತು ಎಂದರು ಡಾಕ್ಟರು. ಈಗಲೂ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನೇ ಕಟ್ಟಿದ್ದಾರೆ, ಆದರೆ ಮಾತು ಕೊಡುವುದಿಲ್ಲ. ಆಗದಿದ್ದರೆ ಎರಡು ವರ್ಷ ತುಂಬಿದ ಮೇಲೆ ಕೈ ಕೊಯ್ದು ಸರಿಮಾಡಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಕಾಗಬಹುದು. ಬರುವಾಗ ದೋಣಿಯಲ್ಲಿ ಅತ್ತೆ ಸಮುದ್ರ ನೋಡುತ್ತ, "ಭಾಗ್ಯ ಅಂದೆ ನಾನು. ದೋಣಿ ಹತ್ತೋಳನ್ನ ನಗಾಡಿ ಕೂರ್ಸಿದೆ" ಎಂದರು. ಅಷ್ಟು ಹೇಳಿ ತಮ್ಮ ಶಾಲನ್ನು ತೆಗೆದು ನನಗೆ ಹೊದೆಸಿದರು. ಅವರಿಗೆ ಗೊತ್ತಿರಲಿಲ್ಲ, ತಿಳಿದ ಮೇಲೆ ತಮ್ಮ ಬಾಯಿಂದಲೇ ಹೇಳಿದರು. ನಿಮಗೆ ಗೊತ್ತಿತ್ತು.

ನನ್ನ ನೂರು ಹೆದರಿಕೆಗಳಲ್ಲಿ ನಿಜವಾದದ್ದು ಯಾವುದೆಂದು ಹೇಗೆ ತಿಳಿಯಬೇಕಿತ್ತು ಎಂದು ಕೇಳಿದ್ದೀರಿ. ನಿಮಗೆ ತಿಳಿಯಬೇಕಾಗಿಯೇ ಇರಲಿಲ್ಲ. ನಾನು ಕೇಳಿದ್ದು ನಿಮ್ಮ ಅಭಿಪ್ರಾಯವನ್ನಲ್ಲ. ಬಂದ ಮಾತನ್ನು ದಾಟಿಸುವುದಷ್ಟೇ ನಿಮ್ಮ ಕೆಲಸವಾಗಿತ್ತು. ನೀಗಾತಾದ ಆ ಅಜ್ಜಿ ನನ್ನನ್ನು ಕಂಡವರಲ್ಲ, ನನ್ನ ಹೆಸರು ಕೇಳಿದವರಲ್ಲ. ಮೂವತ್ತೆರಡು ಚುಕ್ಕಿ ಅಗಲದ ಚಿತ್ರವನ್ನು ನೋಡಿ, ಇದನ್ನು ಬಿಡಿಸಿದವಳು ಸುಳ್ಳು ಬಿಡಿಸುವುದಿಲ್ಲ ಎಂದು ನಂಬಿದರು. ಹತ್ತು ವರ್ಷ ಜೊತೆಗಿದ್ದ ನೀವು ನನ್ನ ಕಣ್ಣನ್ನು ನಂಬಲಿಲ್ಲ. ಅಲ್ಲ, ನಂಬಿದಿರಿ. ನಂಬಿದ್ದರಿಂದಲೇ ತಿದ್ದಿದಿರಿ.

ನಿನ್ನೆ ಕೊಹರುವಿಗೆ ವರ್ಷ ತುಂಬಿತು. ವರ್ಷದ ಮಗುವಿನ ಬೆನ್ನಿಗೆ ದೊಡ್ಡ ಅಕ್ಕಿಕಡುಬು ಹೊರಿಸಿ ನಡೆಸುತ್ತಾರಲ್ಲ, ಅತ್ತೆ ಅದನ್ನು ತಾವೇ ಕುಟ್ಟಿ ಮಾಡಿದ್ದರು. ಶೂಗೊ, "ಇಷ್ಟು ಭಾರ ಅಪ್ಪನ ಬೆನ್ನಿಗೇ ಆಗಲ್ಲ ಕಂದ" ಎಂದು ಕಟ್ಟಿದ. ಎದ್ದು ನಿಂತಳು, ಎರಡು ಹೆಜ್ಜೆ ಇಟ್ಟಳು, ಮುಗ್ಗರಿಸಿದಳು. ಬೀಳುವಾಗ ಎರಡೂ ಕೈ ಮುಂದೆ ಚಾಚಿದಳು. ಬಲ ಅಂಗೈ ನೆಲ ಹಿಡಿಯಿತು. ಎಡಗೈಯ ಪಟ್ಟಿ ಚಾಪೆಗೆ ಟಕ್ ಎಂದು ಬಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಬಿದ್ದರೇ ಶುಭವಂತೆ. ನನಗೆ ಆ ಟಕ್ ಎಂಬ ಸದ್ದೇ ಇನ್ನೂ ಕೇಳುತ್ತಿದೆ.

ಅಳಿಸಿಬಿಟ್ಟರೆ ನಿಮಗೆ ಹಗುರಾಗುತ್ತದೆ, ಗೊತ್ತು. ಆದರೆ ತೆರೆದುಕೊಳ್ಳುವ ಆ ಹೆಬ್ಬೆರಳನ್ನು ನೋಡಿ, 'ಏನೂ ಇಲ್ಲವಂತೆ' ಎಂಬ ನಿಮ್ಮ ಮಾತನ್ನು ಓದಿ, ತನ್ನ ಮಗುವಿನ ಮುಷ್ಟಿಯನ್ನು ನೋಡಿಕೊಂಡು ನೆಮ್ಮದಿಯಿಂದ ಮಲಗಿದ ತಾಯಿ ನಾನೊಬ್ಬಳೇ ಅಲ್ಲದಿರಬಹುದು. ಅವಳು ಮತ್ತೆ ಬಂದು ನೋಡಿದಾಗ ಅಲ್ಲಿ ಏನಾದರೂ ಇರಬೇಕು. ಖಾಲಿ ಪುಟ ಅವಳಿಗೆ ಏನನ್ನೂ ಹೇಳುವುದಿಲ್ಲ.

ಲಕೋಟೆಯಲ್ಲಿ ಕೊನೆಯ ಫ್ಲಾಪಿ ಇದೆ. ಕೊಹರುವಿನ ಎಡಗೈ, ಪಟ್ಟಿ ಕಟ್ಟುವ ಮೊದಲು ನಾಲ್ಕು ಚಿತ್ರ, ಕಟ್ಟಿದ ಮೇಲೆ ನಾಲ್ಕು. ಒತ್ತುವ ಚುಕ್ಕಿಯನ್ನು ಈ ಸಲ ಬೆರಳಿನ ತುದಿಗೆ ಇಟ್ಟಿಲ್ಲ, ಮಡಚಿದ ಹೆಬ್ಬೆರಳಿನ ಬುಡಕ್ಕೆ ಇಟ್ಟಿದ್ದೇನೆ. ಹಳೆಯ ಕೈಯ ಜಾಗದಲ್ಲಿ ಇದನ್ನು ಹಾಕಿ. ಕೆಳಗೆ ಆ ಅಜ್ಜಿಯ ಮಾತನ್ನು ಇದ್ದಹಾಗೆ ಬರೆಯಿರಿ. ಡಾಕ್ಟರಿಗೆ ತೋರಿಸಿರಲಿಲ್ಲ ಎಂದು ಬರೆಯಿರಿ. ಮುಂದಿನ ತಿಂಗಳು ನಮಗೆ ಲೈನು ಬರುತ್ತದೆ, ನಾನು ಮೊದಲು ತೆರೆಯುವುದು ಆ ಪುಟವನ್ನೇ.

ಮಿಕ್ಕದ್ದು ನಿಮ್ಮಿಷ್ಟ. ಬಣ್ಣ ಬದಲಿಸಿ. ಬೇಕೆನಿಸಿದರೆ ಕನ್ನಡಿಯಂತೆ ತಿರುಗಿಸಿ. ಹೆಸರೂ ಬೇಕಿದ್ದರೆ ನಿಮ್ಮದೇ ಇರಲಿ, ಅತ್ತೆಯನ್ನೂ ಇಟ್ಟುಕೊಳ್ಳಿ.

ಹೆಬ್ಬೆರಳನ್ನು ಮಾತ್ರ ಮುಟ್ಟಬೇಡಿ.

ತೊಕುನಾಗಾ ಚಿಗುಸಾ